ಎಡ ಸಿಲಿಂಡರಿನ ಕಿಡಿ

ಖಾನಾಪುರದಲ್ಲಿ ಹಳೆಯ ಮೋಟರ್ ಸೈಕಲ್ಲಿಗೆ ವಾಯರಿಂಗ್ ಮಾಡಬೇಕೆಂದರೆ ಗುರುಪುತ್ರಪ್ಪನೇ ಆಗಬೇಕು. ಅದರಲ್ಲೂ ಎರಡು ಸಿಲಿಂಡರಿನ ಮುದಿ ಗಾಡಿಗಳೆಂದರೆ ಅವನಿಗೆ ಜೀವ. ಸಿಲಿಂಡರಿಗೊಂದು ಕಿಡಿ ಕೊಡುವ ಕಾಯಿಲ್, ಕಾಯಿಲಿಗೊಂದು ಬಣ್ಣದ ವಾಯರು. ಎಡದ್ದು ಬಲಕ್ಕೆ ಹೋಯಿತೋ, ಗಾಡಿ ಚಾಲೂ ಆಗುವ ಬದಲು ಸೈಲೆನ್ಸರಿನಲ್ಲಿ ಢಂ ಎಂದು ಸಿಡಿಯುತ್ತದೆ.

ಹೋದ ವರ್ಷ ಅದೇ ಆಯಿತು. ಕಣ್ಣಿಗೆ ಪೊರೆ ಬಂದು ಕೆಂಪೂ ಕಂದೂ ಒಂದೇ ಆಗಿ, ವಾಯರು ಅದಲುಬದಲಾಗಿ, ಗಾಡಿ ಸಂತೆಯ ನಡುವೆ ಸಿಡಿದು ಜನ ದಿಕ್ಕಾಪಾಲಾದರು. ಯಾರಿಗೂ ಗಾಯವಾಗಲಿಲ್ಲ. ಆದರೆ ಗುರುಪುತ್ರಪ್ಪನ ಧೈರ್ಯ ಹೋಯಿತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಹೋಗಿ ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡು ಬಂದ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರರು ಹೇಳಿದರು. ಇವನು ನಂಬಬೇಕಲ್ಲ!

"ಈ ಗಾಡಿ ಎರಡೂ ಸಿಲಿಂಡರ್ ಮ್ಯಾಲೆ ಓಡಿದ್ರ ಅಂಗಡಿ ಇಡತೇನಿ. ಇಲ್ಲಂದ್ರ ಮುಚ್ಚೂದ" ಎಂದು ಹೆಂಡತಿ ಕಾಂತಾಳಿಗೆ ಹೇಳಿಬಿಟ್ಟಿದ್ದ. ಗುಂಜಿಯ ರಾಯಪ್ಪ ತನ್ನ ಅಪ್ಪನ ಕಾಲದ ಗಾಡಿಯನ್ನು ತಂದು ನಿಲ್ಲಿಸಿದ್ದ. ಗುರುಪುತ್ರಪ್ಪ ಹೊಸ ವಾಯರು ಎಳೆದು ಎರಡೂ ಕಾಯಿಲ್ ಕೂಡಿಸಿದ. ಮರುದಿನ ಬೆಳಿಗ್ಗೆ ಅವನು ಚಹಾ ಕುಡಿಯುವಷ್ಟರಲ್ಲಿ, ಕಾಂತಾ ಎಂದಿನಂತೆ ಪಾನಾ, ಪಕ್ಕಡ, ಅಂಗಡಿಯ ಎಲ್ಲ ಸಾಮಾನಿಗೂ ಒದ್ದೆ ವಿಭೂತಿ ಹಚ್ಚಿದಳು.

ಗಾಡಿ ಒಯ್ಯಲು ಬಂದ ರಾಯಪ್ಪ ಕಿಕ್ ಹೊಡೆದ. ಗಾಡಿ ಎದ್ದಿತು, ಆದರೆ ಕುಂಟುತ್ತ. ಎಡಗಡೆಯ ಸೈಲೆನ್ಸರ್ ತಣ್ಣಗಿತ್ತು, ಆ ಸಿಲಿಂಡರ್ ಉರಿಯುತ್ತಲೇ ಇರಲಿಲ್ಲ.

ಗುರುಪುತ್ರಪ್ಪ ಗಾಡಿಯ ಪಕ್ಕ ಕುಕ್ಕರಿಸಿ ಕೂತ. ವಾಯರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಕೆಂಪು ಕೆಂಪಾಗಿಯೇ ಕಂಡಿತು. ಹಾಗೆ ಕಂಡದ್ದೇ ಸುಳ್ಳಾಗಿದ್ದರೆ? ತಪ್ಪೆಲ್ಲ ಕಣ್ಣಿನದೇ ಎಂದು ಮೊದಲೇ ತೀರ್ಪು ಕೊಟ್ಟವನಿಗೆ ಬೇರೆ ಕಡೆ ನೋಡುವ ಬುದ್ಧಿ ಎಲ್ಲಿಂದ ಬರಬೇಕು?

"ಒಂದರ ಮ್ಯಾಲೇ ಊರು ಮುಟ್ಟತೇನ್ರಿ ಮಿಸ್ತ್ರಿ" ಎಂದ ರಾಯಪ್ಪ, ಸಮಾಧಾನಕ್ಕೆ.

"ಬ್ಯಾಡ್ರಿ. ನಾಳೆ ಬಂದು ಬ್ಯಾರೆ ಕಡೆ ಒಯ್ರಿ. ನನ್ನ ಕೆಲಸ ಮುಗೀತು."

ಎದ್ದವನೇ ಹಾಡುಹಗಲಲ್ಲಿ ಶಟರ್ ಎಳೆದುಬಿಟ್ಟ. ಅಂಗಡಿ ಕತ್ತಲಾಯಿತು. ಮೂವರೂ ಹಿಂಬಾಗಿಲಿನಿಂದ ಹೊರಡಬೇಕು, ಅಷ್ಟೇ. ಕಾಂತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಾಯಪ್ಪನಿಗೆ ಮನಸ್ಸು ತಡೆಯಲಿಲ್ಲ.

"ಕಡೀ ಸಲ ಒಂದ ಕಿಕ್ ಹೊಡೀತೇನ್ರಿ" ಎಂದು ಹೊಡೆದೇಬಿಟ್ಟ.

ಆ ಕತ್ತಲಲ್ಲಿ, ಪೆಟ್ರೋಲ್ ಟ್ಯಾಂಕಿನ ಕೆಳಗೆ, ಎಡಗಡೆಯ ಕಾಯಿಲಿನ ಮೇಲೆ, ಕೂದಲೆಳೆಯಂಥ ನೀಲಿ ಗೆರೆಯೊಂದು ಸರ್ರನೆ ಹರಿದು ಗಾಡಿಯ ಕಬ್ಬಿಣಕ್ಕೆ ಇಳಿಯಿತು.

"ನಿಲ್ರಿ!" ಗುರುಪುತ್ರಪ್ಪ ಚೀರಿದ. "ಕಿಡಿ ಅಲ್ಲೇ ಸೋರಿ ಹೊಂಟೈತಿ!"

"ಎಲ್ಲಿ? ನನಗೇನೂ ಕಾಣಸಲಿಲ್ರಿ" ಎಂದ ರಾಯಪ್ಪ.

ಗುರುಪುತ್ರಪ್ಪ ಆ ಕಾಯಿಲಿನ ಮೇಲೆ ಬೆರಳಾಡಿಸಿದ. ಇನ್ನೂ ಹಸಿ ಇದ್ದ ವಿಭೂತಿಯ ಮೂರು ಪಟ್ಟೆಗಳು. ಆ ಒದ್ದೆಯ ದಾರಿ ಹಿಡಿದು ಕಿಡಿ ಸಿಲಿಂಡರಿಗೆ ಹೋಗುವುದನ್ನೇ ಬಿಟ್ಟಿತ್ತು. ಅಂಗಡಿಯಲ್ಲಿ ವಿಭೂತಿ ಇಲ್ಲದ ವಸ್ತುವೇ ಇರದಿದ್ದರಿಂದ ಆಗಲೇ ಕಣ್ಣಿಗೆ ಬಿದ್ದಿದ್ದರೂ ಅವನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಏ ಕಾಂತಾ, ಇದಕ್ಕೂ ಹಚ್ಚೀಯೇನ?"

"ಹಚ್ಚೇನ್ರಿ. ನಿಮ್ಮ ಕಣ್ಣಿನ ಆಪರೇಷನ್ ಆದ ಮ್ಯಾಲಿನ ಮೊದಲನೇ ಕೆಲಸ. ಬಿಡೂದ ಹ್ಯಾಂಗ? ಬಲಗಡೆ ಬಾಜುದ್ದಕ್ಕ ಕೈ ಮುಟ್ಲಿಲ್ಲ" ಎಂದಳು ಅವಳು, ಅಳುಕುತ್ತ.

ಅವನು ಹೆಗಲ ಟವೆಲ್ಲಿನಿಂದ ಕಾಯಿಲ್ ಒಣಗುವಂತೆ ಒರೆಸಿದ. ರಾಯಪ್ಪ ಮತ್ತೆ ಕಿಕ್ ಹೊಡೆದ. ಈ ಸಲ ಎರಡೂ ಸಿಲಿಂಡರುಗಳು ಒಟ್ಟಿಗೆ ದನಿ ಎತ್ತಿದವು, ಅಂಗಡಿಯ ತಗಡು ನಡುಗಿತು.

"ಅಷ್ಟು ಸಣ್ಣ ಕಿಡಿ ಇತ್ತು ಕಾಂತಾ" ಎಂದ ಗುರುಪುತ್ರಪ್ಪ. "ನನಗ ಕಾಣಸ್ತು."

ಎದ್ದು ಹೋಗಿ ಶಟರ್ ಎತ್ತಿದ.