ಮಗ್ಗದ ಗುಂಡಿಗೆ ಬಂದ ಬಾಡಿಗೆ

ವಠಾರದಮ್ಮನ ಬಲಗಾಲಿನ ಹಿಮ್ಮಡಿ ಎತ್ತಿನ ಗೊರಸಿನಷ್ಟು ಗಟ್ಟಿಯಾಗಿತ್ತು. ಒಡೆದು, ಬಿರುಕಿನ ತುಂಬ ಕೆಮ್ಮಣ್ಣು ಸೇರಿಕೊಂಡು, ಎಷ್ಟು ತಿಕ್ಕಿ ತೊಳೆದರೂ ಬಣ್ಣ ಬಿಡದ ಹಿಮ್ಮಡಿ. ಯಾರ ಮನೆಯೊಳಗೆ ಕಾಲಿಟ್ಟರೂ ಮೊದಲು ಅದರಿಂದ ನೆಲವನ್ನು ಎರಡು ಸಲ ಕುಟ್ಟುತ್ತಿದ್ದರು, ಮಾತು ಆಮೇಲೆ. ಸಾರಿಸಿದ ನೆಲ ಒಣಗಿದೆಯೋ ಇಲ್ಲವೋ, ಇಲಿ ಎಲ್ಲಿ ಬಿಲ ತೋಡಿದೆ, ಎಲ್ಲವೂ ಅವರಿಗೆ ಆ ಸದ್ದಿನಲ್ಲೇ ತಿಳಿಯುತ್ತಿತ್ತು. ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ಇದನ್ನು ನೋಡಿ, ಪಾಪ, ಈಯಮ್ಮನಿಗೆ ಕಾಲಲ್ಲಿ ಜೋಮು ಹಿಡಿಯುತ್ತದೇನೋ ಅಂದುಕೊಂಡಿದ್ದೆ.

ವಠಾರ ಅಂದರೆ ದೊಡ್ಡದೇನಲ್ಲ. ನೇಯುವವರ ಬೀದಿಯ ಕೊನೆಯಲ್ಲಿ ಒಂದೇ ಸಾಲಿನ ನಾಲ್ಕು ಹೆಂಚಿನ ಮನೆ, ಹಿತ್ತಲಲ್ಲಿ ಎಲ್ಲರಿಗೂ ಸೇರಿ ಒಂದು ಬಾವಿ. ಮೊದಲನೆಯ ಮನೆಯಲ್ಲಿ ವಠಾರದ ಒಡತಿ, ಅಮ್ಮ, ಒಬ್ಬರೇ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಕ್ಕಲು ಮನೆತನ. ಬಾಶೆಟ್ಟಿಹಳ್ಳಿ ಕಡೆ ಇದ್ದ ಹೊಲವನ್ನು ತಮ್ಮನ ಮಗ ಉಳುತ್ತಿದ್ದ. ಉಳಿದ ಮೂರು ಮನೆಗಳಲ್ಲಿ ಮೂರು ಸಂಸಾರ, ಮೂವರೂ ಮಗ್ಗದವರು. ಎರಡನೆಯ ಮನೆ ನಮ್ಮದು. ನಾನು, ನಮ್ಮವರು, ನಮ್ಮತ್ತೆ.

ಮಗ್ಗದವರಿಗೆ ಬಾಡಿಗೆ ಮನೆ ಸಿಗುವುದು ಆಗ ಹೆಣ್ಣಿಗೆ ಗಂಡು ಹುಡುಕಿದಷ್ಟೇ ಕಷ್ಟ. ನಮ್ಮದು ಕೈಮಗ್ಗ. ನೆಲದಲ್ಲಿ ತೊಡೆಯಾಳದ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತಾ ಮೇಲೆ ಲಾಳಿ ಆಡಿಸಬೇಕು. ಗುಂಡಿ ಇಲ್ಲದಿದ್ದರೆ ಮಗ್ಗ ಕೂರುವುದಿಲ್ಲ, ಮಗ್ಗ ಕೂರದಿದ್ದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ನಿಮ್ಮ ನಡುಮನೆ ಅಗೆಯುತ್ತೇವೆ ಅಂದರೆ ಯಾವ ಮನೆಯವರು ತಾನೇ ಒಪ್ಪುತ್ತಾರೆ ಹೇಳಿ? ಅಮ್ಮ ಒಪ್ಪಿದ್ದರು. ಹಿಮ್ಮಡಿಯಿಂದ ನೆಲ ಕುಟ್ಟಿ, "ಇಲ್ಲಿ ತೋಡಪ್ಪ. ಅಲ್ಲಿ ತೋಡಿದ್ರೆ ಬಂಡೆ ಸಿಗ್ತದೆ" ಅಂದಿದ್ದರಂತೆ. ನಮ್ಮವರು ಬೆಳಕಿನ ಆಸೆಗೆ ಕಿಟಕಿಯ ಕೆಳಗೇ ಹಾರೆ ಹಾಕಿದರು. ಮೊಳದಾಳಕ್ಕೆ ಠಣ್ ಅಂತು. ಅಮ್ಮ ನಗಲೂ ಇಲ್ಲ, ಬಯ್ಯಲೂ ಇಲ್ಲ. "ಅದನ್ನ ಮುಚ್ಚು, ಇಲ್ಲಿ ತೋಡು" ಅಂದು ಹೋದರಂತೆ.

ಅವರ ಬಾಯಲ್ಲಿ ಹೌದು ಎಂಬುದೂ ಇರಲಿಲ್ಲ, ಇಲ್ಲ ಎಂಬುದೂ ಇರಲಿಲ್ಲ. ಏನು ಕೇಳಿದರೂ "ನೋಡಾಣ". ಹೆಂಚು ಸೋರುತ್ತಿದೆ ಅಮ್ಮ. "ನೋಡಾಣ." ಮಗಳ ಮದುವೆಗೆ ನಿಮ್ಮ ಪಡಸಾಲೆ ಕೊಡ್ತೀರಾ? "ನೋಡಾಣ." ಆಮೇಲೆ ಯಾವಾಗಲೋ ನೋಡಿದರೆ ಹೆಂಚು ಕೂತಿರುತ್ತಿತ್ತು. ಕೆಲವು ಸಲ ಕೂತಿರುತ್ತಿರಲಿಲ್ಲ. ಆ "ನೋಡಾಣ"ದಲ್ಲಿ ಯಾವುದು ಯಾವ ಬಗೆಯದೆಂದು ಆರು ವರ್ಷ ಅವರ ಜೊತೆ ಬಾಳಿದರೂ ನನಗೆ ಗೊತ್ತಾಗಲಿಲ್ಲ.

ಆಗ ಯುದ್ಧ ನಡೆಯುತ್ತಿತ್ತು. ರಂಗೂನಿನ ಮೇಲೆ ಜಪಾನಿನವರು ಬಾಂಬು ಹಾಕಿದ್ದಾರೆ, ಇನ್ನು ಮದರಾಸು, ಆಮೇಲೆ ಬೆಂಗಳೂರೇ ಎಂಬ ಸುದ್ದಿ ಹಬ್ಬಿತು. ಬೆಂಗಳೂರಿನಲ್ಲಿ ಮೈದಾನ ಮೈದಾನದಲ್ಲೂ ಕಂದಕ ತೋಡುತ್ತಿದ್ದಾರಂತೆ, ವಿಮಾನ ಬಂದರೆ ಅದರೊಳಗೆ ಇಳಿದು ಕೂರಬೇಕಂತೆ ಎಂದು ಸಂತೆಯಲ್ಲಿ ಮಾತು. ಸ್ವಲ್ಪ ದಿನಕ್ಕೇ ರೈಲಿನಲ್ಲಿ ಜನ ಬಂದು ಇಳಿಯತೊಡಗಿದರು. ಟ್ರಂಕು, ಹಾಸಿಗೆ ಸುರುಳಿ, ತಂಬೂರಿ, ಗಿಳಿಯ ಪಂಜರ. ಸ್ಟೇಷನ್ನಿನಿಂದ ಊರೊಳಗೆ ಜಟಕಾಗಳ ಸಾಲೇ ಸಾಲು. ಅವರು ಮೂರು ಪಟ್ಟು ಬಾಡಿಗೆ ಕೊಡುತ್ತೇವೆ ಅನ್ನುತ್ತಿದ್ದರು. ದನ ಕಟ್ಟುವ ಕೊಟ್ಟಿಗೆಗೂ ಸುಣ್ಣ ಬಳಿದು ಮನೆ ಅಂತ ತೋರಿಸಿದವರುಂಟು. ನಮ್ಮ ಬೀದಿಯಲ್ಲಿ ಒಂದೊಂದೇ ಮಗ್ಗದ ಮನೆ ಖಾಲಿಯಾಗುತ್ತಾ ಬಂತು.

"ನಮ್ಮನ್ನೂ ಬಿಡಿಸ್ತೀರಾ ಅಮ್ಮ?" ಅಂತ ನಮ್ಮತ್ತೆ ಕೇಳಿಯೇ ಬಿಟ್ಟರು. ಅಮ್ಮ ಮಡಿಲಿನ ಕಡ್ಲೆಪುರಿ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಾ, "ನೋಡಾಣ" ಅಂದರು.

ಆ ಹೊತ್ತಿಗೆ ನೂಲು ಸಿಗದೆ ಒಂದು ತಿಂಗಳಿಂದ ನಮ್ಮ ಮಗ್ಗ ನಿಂತಿತ್ತು. ಮರಕ್ಕೆ ಹುಳ ಬೀಳುತ್ತದೆಂದು ನಮ್ಮವರು ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ನಡುಮನೆಯಲ್ಲಿ ಉಳಿದಿದ್ದದ್ದು ಗುಂಡಿ, ಮತ್ತೆ ಜಂತೆಯಿಂದ ನೇತಾಡುವ ಎರಡು ಹಗ್ಗ. ಹೀಗಿರುವಾಗ ಒಂದು ದಿನ ಅಮ್ಮ, ಕೋಟು ತೊಟ್ಟು ಜರಿಪೇಟ ಸುತ್ತಿದ್ದ ರಾಯರೊಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಬೆಂಗಳೂರಿನಲ್ಲಿ ಯಾವುದೋ ಕಚೇರಿಯಲ್ಲಿದ್ದವರು. ಗುಂಡಿ ಕಂಡದ್ದೇ ತಡ, ರಾಯರ ಮುಖ ಅರಳಿತು.

"ಓಹೋ! ಮನೆಯೊಳಗೇ ಟ್ರೆಂಚು ತೋಡಿಸಿದ್ದೀರಲ್ಲ! ಬೆಂಗಳೂರಿನಲ್ಲಿ ನಾವು ಮೈದಾನಕ್ಕೆ ಓಡಬೇಕು. ಬಹಳ ದೂರದೃಷ್ಟಿ ತಾಯಿ ನಿಮ್ಮದು."

ಅಮ್ಮನಿಗೆ ಆ ಮಾತು ಏನು ತಿಳಿಯಿತೋ, ಸುಮ್ಮನೆ ನಿಂತರು. ರಾಯರು ಚಪ್ಪಲಿ ಬಿಟ್ಟು ಗುಂಡಿಗೆ ಇಳಿದೇ ಬಿಟ್ಟರು. ಕುಕ್ಕರುಗಾಲಲ್ಲಿ ಕೂತು, ಪೇಟ ಹಿಡಿದು ತಲೆ ಬಗ್ಗಿಸಿ ನೋಡಿದರು. ನಾನು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ. ಹಗ್ಗ ಎಳೆದು ನೋಡಿ, "ಇದು ವಯಸ್ಸಾದವರು ಹಿಡಿದುಕೊಂಡು ಇಳಿಯೋಕೆ ಅಲ್ಲವೇ? ನಮ್ಮ ತಾಯಿಗೆ ಮಂಡಿ ನೋವು. ಇದೇ ಮನೆ ಆಗಲಿ. ಎಲ್ಲರೂ ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇನೆ" ಅಂದರು. ನನ್ನ ನಗು ಅಲ್ಲೇ ನಿಂತುಹೋಯಿತು. ನಮ್ಮವರು "ಸ್ವಾಮಿ, ಅದು..." ಅಂತ ಬಾಯಿ ತೆಗೆದರು. ಅಮ್ಮ ಅವರ ಕಡೆ ತಿರುಗಿ ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಸರಿದರು.

ಮಾರನೆಯ ದಿನಕ್ಕೆ ರಾಯರ ನೆಂಟರಿಷ್ಟರೆಲ್ಲ "ಟ್ರೆಂಚಿನ ಮನೆ" ಕೇಳಿಕೊಂಡು ಬಂದರು. ಉಳಿದೆರಡು ಮನೆಗಳಲ್ಲೂ ಮಗ್ಗ ಅಟ್ಟ ಸೇರಿ ಗುಂಡಿ ಖಾಲಿ ಇತ್ತಲ್ಲ! ಮಧ್ಯಾಹ್ನ ನಾವು ಮೂವರು ಹೆಂಗಸರೂ ಬಾವಿಯ ಹತ್ತಿರ ಇದ್ದಾಗ ಅಮ್ಮ ಬಂದರು. "ಮನೆ ಬಿಡಬೇಕು ಕಣ್ರಮ್ಮ. ಎಂಟು ದಿನ ಟೇಮು. ಗುಂಡಿ ಮುಚ್ಚಬ್ಯಾಡಿ." ಕೊನೆ ಮನೆಯವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಪಕ್ಕದ ಮನೆಯ ನನ್ನ ಗೆಳತಿ ಅಮ್ಮನ ಕಾಲು ಹಿಡಿದುಕೊಂಡು, "ಕೈಗೂಸು ಕಟ್ಕೊಂಡು ಎಲ್ಲಿಗೋಗ್ಲಿ ಅಮ್ಮಾ" ಎಂದು ಗೋಳೋ ಎಂದಳು. ಅಮ್ಮ ಕಾಲು ಬಿಡಿಸಿಕೊಂಡರು. ನಾನು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದೆ.

ನಮ್ಮಲ್ಲಿ ಮನೆ ಬಿಡುವಾಗ ಮಗ್ಗದ ಗುಂಡಿಯನ್ನು ತೋಡಿದವನೇ ಮುಚ್ಚಬೇಕು. ಕರ್ಪೂರ ಹಚ್ಚಿ, ಅರಿಸಿನ ಕುಂಕುಮ ಹಾಕಿ, ಒಂದು ಎಳೆ ನೂಲು ಬಿಟ್ಟು, ಆಮೇಲೆ ಮಣ್ಣು. ತೆರೆದ ಗುಂಡಿ ಬಿಟ್ಟು ಹೋದರೆ ಇನ್ನೊಂದು ಕಡೆ ಮಗ್ಗ ಕೂರುವುದಿಲ್ಲವೆಂದು ನಂಬಿಕೆ. ನಮ್ಮತ್ತೆ ಮೂರು ದಿನ ಊಟ ಬಿಟ್ಟರು. ನಮ್ಮವರು ಊರೆಲ್ಲ ಅಲೆದರು. ಮಗ್ಗದವರು ಅಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲು ಹಾಕದಿದ್ದವರು ಕೇಳುತ್ತಿದ್ದ ಬಾಡಿಗೆಯೋ, ನಾವು ನೇಯ್ದಷ್ಟನ್ನೂ ಮಾರಿದರೂ ಸಾಲುತ್ತಿರಲಿಲ್ಲ.

ಆರನೆಯ ದಿನ ಅಮ್ಮ ನಮ್ಮ ಬಾಗಿಲಿಗೆ ಬಂದು, "ನಮ್ಮ ಪಡಸಾಲೇಲಿ ತೋಡ್ಕಳ್ಳಿ. ನಾನು ಅಡಿಗೆಮನೆ ಪಕ್ಕದ ಕೋಣೇಲಿ ಮಲಿಕ್ಕಂತೀನಿ. ಬಾಡಿಗೆ ಹಳೇದೇ ಕೊಡಿ" ಎಂದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಬೀದಿಗೆ ತಳ್ಳಿದ ಕೈಯೇ ಒಳಗೆ ಕರೆಯುತ್ತಿದೆ, ಇದೇನು? ಮಿಕ್ಕಿಬ್ಬರನ್ನು ಕರೆಯಲಿಲ್ಲ. ಕೊನೆ ಮನೆಯವಳ ಗಂಡ ಮಗ್ಗ ಮಾರಿ ಬೆಂಗಳೂರಿಗೆ ಕೂಲಿಗೆ ಹೋದ. ಬಾಂಬಿಗೆ ಹೆದರಿ ಜನ ಇಲ್ಲಿಗೆ ಬಂದರೆ ಇಲ್ಲಿಯವನು ಅಲ್ಲಿಗೆ ಹೋದ. ನನ್ನ ಗೆಳತಿ ಇಲ್ಲೇ ಹತ್ತಿರದ ಚನ್ನರಾಯಪಟ್ಟಣ ಹೋಬಳಿಯ ತವರಿಗೆ ಹೋದಳು.

"ನಿನಗೆ ತಿಳಿಯಲ್ಲ ಕಣೇ" ಅಂದರು ನಮ್ಮವರು, ಪಡಸಾಲೆ ಅಗೆಯುತ್ತಾ. "ನನ್ನ ಕೈಲಿ ಇನ್ನೊಂದು ಗುಂಡಿ ತೋಡಿಸ್ಕೊಂಡು ಇದನ್ನೂ ಟ್ರೆಂಚು ಅಂತ ಬಾಡಿಗೆಗೆ ಕೊಡ್ತಾಳೆ, ನೋಡ್ತಿರು."

ನನಗೂ ಹಾಗೇ ಅನ್ನಿಸಿತು. ನೂಲು ಬಂತು, ಮಗ್ಗ ಕೂತಿತು, ನಮ್ಮತ್ತೆಯ ಹೆದರಿಕೆ ಹುಸಿಯಾಯಿತು. ಆದರೂ ಬಾಗಿಲ ಹತ್ತಿರ ಯಾರ ಪೇಟ ಕಂಡರೂ ನಾನು ಓಡಿಹೋಗಿ ಇಣುಕುತ್ತಿದ್ದೆ. ಒಂದು ದಿನ ಬಂದೇ ಬಿಟ್ಟರು. ಜಟಕಾದಲ್ಲಿ ಗಂಡ ಹೆಂಡತಿ, ನಾಲ್ಕು ಮಕ್ಕಳು. ಎಷ್ಟಾದರೂ ಕೊಡುತ್ತೇವೆ, ಟ್ರೆಂಚಿರುವ ಮನೆ ಬೇಕು ಅಂದರು. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ನನ್ನ ಕೈ ನಿಂತಿತು. ಅಮ್ಮ ಹೊಸ್ತಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

"ಇದು ಟ್ರೆಂಚೂ ಅಲ್ಲ ಗಿಂಚೂ ಅಲ್ಲ ಸ್ವಾಮಿ. ಮಗ್ಗದ ಗುಂಡಿ. ಬಾಂಬು ಬಿದ್ರೆ ಇದ್ರಾಗೆ ಕೂತೋನು ಮೊದಲು ಹೋಯ್ತಾನೆ. ಮುಂದಕ್ಕೋಗಿ."

ಪಕ್ಕದ ಮನೆಯ ಜಗುಲಿಯ ಮೇಲೆ ನಮ್ಮ ಪೇಟದ ರಾಯರು ಪತ್ರಿಕೆ ಓದುತ್ತಾ ಕೂತಿದ್ದರು. ಅವರಿಗೂ ಒಂದಕ್ಷರ ಬಿಡದೆ ಕೇಳಿಸಿತ್ತು. ಮುಗಿಯಿತು, ಈಗ ಬಾಡಿಗೆ ಇಳಿಸಿ ಅಂತ ಜಗಳಕ್ಕೆ ಬರುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದರು, ದನಿ ತಗ್ಗಿಸಿಕೊಂಡು.

"ತಾಯಿ, ಇದು ಮಗ್ಗದ್ದು ಅಂತ ನನಗೆ ಬಂದ ವಾರದಲ್ಲೇ ಗೊತ್ತಾಯಿತು. ಬೀದಿಯ ತುಂಬ ಮಗ್ಗಗಳೇ ಅಲ್ಲವೇ? ಸದ್ಯ, ನಮ್ಮ ತಾಯಿ ಹಿತ್ತಲಲ್ಲಿದ್ದರು. ದಯವಿಟ್ಟು ಅವರ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಆ ಗುಂಡಿ ಇದೆಯೆಂಬ ಧೈರ್ಯದ ಮೇಲೇ ಅವರು ಎರಡು ತುತ್ತು ಉಣ್ಣುತ್ತಿದ್ದಾರೆ."

ಅಮ್ಮ ತಲೆಯಾಡಿಸಿದರು. ಬಾಡಿಗೆಯನ್ನು ಮಾತ್ರ ಒಂದು ಕಾಸೂ ಇಳಿಸಲಿಲ್ಲ. ನಾನು ಕೇಳಿದ್ದಕ್ಕೆ, "ಅವರಮ್ಮನ ಧೈರ್ಯಕ್ಕೆ ಬೆಲೆ ಇಲ್ವಾ?" ಅಂದು ಒಳಗೆ ಹೋದರು. ಅಯ್ಯೋ ಪರಮಾತ್ಮ! ಇವರನ್ನು ಹೊಗಳಲೋ ಬಯ್ಯಲೋ? ರಾಯರಿಗೆ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ನಮ್ಮನ್ನು ಬಿಡಿಸಿದರು, ಬಿಡಿಸಿ ಉಳಿಸಿದರು.

ಬಾಂಬು ಬೀಳಲೇ ಇಲ್ಲ. ರಾಯರ ಸಂಸಾರ, ಅವರ ನೆಂಟರು ಎಲ್ಲ ವಾಪಸ್ಸು ಹೋದರು. ಆದರೆ ಏರಿದ ಬಾಡಿಗೆ ಇಳಿಯಲಿಲ್ಲ. ಆ ಮನೆಗಳಿಗೆ ಬಟ್ಟೆ ವ್ಯಾಪಾರದವರು, ಕಚೇರಿಯವರು ಬಂದರು. ಮಗ್ಗದವರು ಯಾರೂ ಮತ್ತೆ ಬರಲಾಗಲಿಲ್ಲ. ಒಮ್ಮೆ ಸಂತೆಯಲ್ಲಿ ನನ್ನ ಗೆಳತಿ ಸಿಕ್ಕಳು. ಕೈಯಲ್ಲಿ ಕಳೆ ಕಿತ್ತ ಗಾಯಗಳು. ಮಾತಾಡಿಸಿದರೆ, "ನಿಂಗೇನಮ್ಮ, ನಿನ್ನ ಒಳಕ್ಕೆ ಕರ್ಕೊಂಡ್ರು. ನಾವೇನು ಪಾಪ ಮಾಡಿದ್ವೋ" ಎಂದು ಹೊರಟೇಹೋದಳು. ಮನೆಗೆ ಬಂದು ಸಿಟ್ಟಿನಲ್ಲಿ ಅಮ್ಮನಿಗೆ ಹೇಳಿದೆ. ಅವರು ಮುದ್ದೆ ಉಣ್ಣುತ್ತಿದ್ದರು. ಉಣ್ಣುವಾಗ ಯಾರೂ ಮಾತಾಡಬಾರದೆಂಬುದು ಅವರ ಕಟ್ಟುನಿಟ್ಟು. ಅವತ್ತು ಮಾತ್ರ ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದುಕೊಂಡರು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅವರು ತೀರಿಕೊಂಡರು. ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನೇ. ಅವರ ತಮ್ಮನ ಮಗ ಬಂದು ಮನೆ ವಹಿಸಿಕೊಂಡ. ಬಾಡಿಗೆ ಏರಿಸಿದ, ಆದರೆ ನಮ್ಮನ್ನು ಎಬ್ಬಿಸಲಿಲ್ಲ. ನನ್ನ ಇಬ್ಬರು ಮಕ್ಕಳು ಓದಿದ್ದು, ಮಗಳ ಮದುವೆಯಾದದ್ದು, ಎಲ್ಲವೂ ಆ ಪಡಸಾಲೆಯ ಮಗ್ಗದಿಂದಲೇ. ಆ ಋಣ ದೊಡ್ಡದು. ಅಷ್ಟಂತೂ ನನಗೆ ಸ್ಪಷ್ಟವಾಗಿ ಗೊತ್ತು. ಮಿಕ್ಕದ್ದು ಯಾವುದೂ ಗೊತ್ತಿಲ್ಲ.

ಸಾಯುವುದಕ್ಕೆ ಮೂರು ದಿನ ಮುಂಚೆ, ಬೆಳಗಿನ ಹೊತ್ತು, ಗಂಜಿ ಕುಡಿಸುತ್ತಾ ಕೇಳಿದ್ದೆ. "ಅಮ್ಮಾ, ಅವತ್ತು ಮೂರು ಮನೆಯೋರ್ನೂ ಬಿಡಿಸಿದ್ರಿ. ನಮ್ಮನ್ನ ಒಬ್ರನ್ನೇ ಯಾಕೆ ಕರ್ಕೊಂಡ್ರಿ?"

ಈ ಸಲ "ನೋಡಾಣ" ಅನ್ನಲಿಲ್ಲ. "ಅವರಿಬ್ರೂ ಅತ್ರು ಕಣಮ್ಮ. ನೀನು ಅಳ್ಲಿಲ್ಲ, ಕೊಡ ಎತ್ಕಂಡು ಹೋದೆ. ಅತ್ತೋರ್ನ ಮನ್ಯಾಗಿಟ್ಕಂಡ್ರೆ ದಿನಾ ಎದ್ದು ಅವರ ಮುಖ ನೋಡ್ಬೇಕಲ್ಲ. ನನ್ನ ಕೈಲಿ ಆಗ್ತಿರ್ಲಿಲ್ಲ."

ನಾನು ಅತ್ತಿದ್ದೆ. ಕೊಡ ಇಳಿಸಿ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಕೂತು, ಅತ್ತೆಗೆ ಕೇಳಿಸಬಾರದೆಂದು ಸೆರಗು ಕಚ್ಚಿಕೊಂಡು, ಸಂಜೆ ದೀಪ ಹಚ್ಚುವ ತನಕ ಅತ್ತಿದ್ದೆ. ಅದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪಡಸಾಲೆಯಲ್ಲಿ, ಅಮ್ಮ ಕೊಟ್ಟ ಜಾಗದಲ್ಲಿ ತೋಡಿದ ಗುಂಡಿಯಲ್ಲಿ ಕೂತು, ನಮ್ಮವರು ನೇಯುತ್ತಿದ್ದರು. ಮಗ್ಗದ ಮೇಲೆ ಸೀರೆ ಇನ್ನೂ ಅರ್ಧವೇ ಆಗಿತ್ತು. ಬಾಯಿ ಮುಚ್ಚಿಕೊಂಡು ಇನ್ನೊಂದು ಗುಟುಕು ಗಂಜಿ ಕುಡಿಸಿದೆ.