ಎಣಿಕೆ ಇಳಿಸಬಾರದು

ತುಂಬಿದ ಬಸ್ಸಿನ ಬಾಗಿಲು ಮುಚ್ಚಿತೆಂದರೆ ನನಗೆ ಉಸಿರೇ ಕಟ್ಟುತ್ತಿತ್ತು. ಮನೆ ಕಲಬುರಗಿಯಲ್ಲಿ, ಮಾಸ್ತರಿಕೆ ಕಮಲಾಪುರದಲ್ಲಿ. ವಾರಕ್ಕೆರಡು ಸಲವಾದರೂ ನಡುದಾರಿಯಲ್ಲಿ ಇಳಿದು, ಯಾರದೋ ಹೊಲದ ಬದುವಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ.

ಕೊನೆಗೆ ಸೇಡಂ ರಸ್ತೆಯ ಡಾಕ್ಟರೊಬ್ಬರು ನನಗೆ ಸಂಮೋಹನ ಮಾಡಿ ಒಂದು ಉಪಾಯ ಕಲಿಸಿದರು. ಕಣ್ಣು ಮುಚ್ಚಿ ಇಪ್ಪತ್ತರಿಂದ ಒಂದಕ್ಕೆ ನಿಧಾನವಾಗಿ ಎಣಿಸುತ್ತ ಬಂದರೆ ಹೆದರಿಕೆಯೂ ಇಳಿಯುತ್ತದಂತೆ.

ಸಂತೆಯ ದಿನ ಸಂಜೆ ಬಸ್ಸು ಕಿಕ್ಕಿರಿದಿತ್ತು. ಎದೆ ಡವಡವ ಅಂದಿತು. ಕಣ್ಣು ಮುಚ್ಚಿ ಗುನುಗತೊಡಗಿದೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ನಮ್ಮ ಶಾಲೆಯ ಓಣಿಯ ಮುದುಕಿ ತೋಳು ತಿವಿದಳು. ಅವಳ ತೊಡೆಯ ಮೇಲೆ ಕೆಂಪು ಬಾಳೆಹಣ್ಣಿನ ಬುಟ್ಟಿ.

“ಮಾರೋ ಮಾಲಿನ ಮುಂದ ಕುಂತು ಎಣಿಕಿ ಇಳಸ್ತೀರೇನ್ರೀ ಮಾಸ್ತರ? ನನ್ನ ಯಾಪಾರನೂ ಇಳೀತದಲ್ರೀ!”

“ಡಾಕ್ಟರ್ ಹೇಳ್ಯಾರ, ಆಯಿ. ಒಂದಕ್ಕ ಬಂದ್ರ ಅಂಜಿಕಿ ಹೋಗ್ತದ.”

“ಮಾಲು ಎಣಸಾಗ ಒಂದು ಅಂತ ಯಾರರೇ ಅಂತಾರೇನು? ಮೊದಲನೇದಕ್ಕ ಲಾಭ ಅನ್ಬೇಕು. ಆಮ್ಯಾಲ ಎರಡು, ಮೂರು. ತಗೋರಿ, ಇವನ್ನೇ ಎಣಸ್ರಿ.”

ಬುಟ್ಟಿ ನನ್ನ ತೊಡೆಗೆ ಬಂತು. ಎರಡು ಸಲ ಲೆಕ್ಕ ತಪ್ಪಿತು, ಎರಡು ಸಲವೂ ಲಾಭದಿಂದಲೇ ಶುರು ಮಾಡಿಸಿದಳು. ಹಿಂದಿನ ಸೀಟಿನವರೂ ದನಿಗೂಡಿಸಿದರು. ಅರವತ್ತೆರಡನೇ ಹಣ್ಣಿಗೆ ಬಸ್ಸು ಕಲಬುರಗಿ ಸ್ಟ್ಯಾಂಡಿನಲ್ಲಿತ್ತು. ನನಗೆ ಅಂಜುವುದು ಮರೆತೇ ಹೋಗಿತ್ತು.

ಮುಂದಿನ ವಾರ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ, ಏನೋ ಬರೆದುಕೊಂಡರು. ನಾನು ಹೊರಗೆ ಚಪ್ಪಲಿ ಮೆಟ್ಟುವಾಗ, ಒಳಗೆ ಹೊಸ ಪೇಷಂಟಿಗೆ ಗಂಭೀರವಾಗಿ ಹೇಳುತ್ತಿದ್ದರು:

“ಕಣ್ಣು ಮುಚ್ರಿ. ಈಗ ನನ್ನ ಜೋಡಿ ಅನ್ರಿ. ಲಾಭ, ಎರಡು, ಮೂರು...”