ಹಿಂಡು ತಪ್ಪಿದ ದವಡೆ

ದಢೇಸುಗೂರಿನ ನಮ್ಮ ಮನೆಯಿಂದ ಲಿಂಗಸುಗೂರಿಗೆ ಹೊರಟಾಗ ನನ್ನ ಮೊಬೈಲಿನಲ್ಲಿ ಒಂದು ದವಡೆಯ ಸ್ಕ್ಯಾನ್ ಚಿತ್ರವಿತ್ತು. ಡೈನೋಸಾರ್‌ಗಳ ಕಾಲದಲ್ಲಿ ಹಾರಾಡುತ್ತಿದ್ದ ಸರೀಸೃಪದ ದವಡೆ. ದವಡೆಯೆಂದರೆ ಬೆರಳುದ್ದದ ಚೂರು, ಅಷ್ಟೇ. ನನಗೆ ಪಳೆಯುಳಿಕೆಗಳ ವಿದ್ಯೆ ಕಲಿಸಿದ ಗುರುಗಳು ತಮ್ಮ ಹರೆಯದಲ್ಲಿ ಅದನ್ನು ನೋಡಿ, ಹಲ್ಲಿಲ್ಲ, ಇದು ಹೊಸ ಪ್ರಭೇದವೇ ಎಂದು ಸಾರಿದ್ದರು. ಕುರಿ ಕಾಯ್ದು ತಮ್ಮನ್ನು ಓದಿಸಿದ ತಾಯಿಯ ಹೆಸರನ್ನೇ ಅದಕ್ಕಿಟ್ಟಿದ್ದರು. ಈಗ ನಾನು ಸ್ಕ್ಯಾನ್ ಮಾಡಿಸಿದರೆ, ಕಲ್ಲು ತುಂಬಿ ಮುಚ್ಚಿಹೋಗಿದ್ದ ಹಲ್ಲಿನ ಕುಳಿಗಳು ಸಾಲಾಗಿ ಕಂಡವು. ಹೊಸದೂ ಅಲ್ಲ, ಏನೂ ಅಲ್ಲ; ಮೊದಲೇ ಗೊತ್ತಿದ್ದ, ಹಲ್ಲಿರುವ ಒಂದು ಪ್ರಭೇದ. ಇದನ್ನು ಬರೆದು ಪ್ರಕಟಿಸಿದರೆ ಆ ತಾಯಿಯ ಹೆಸರು ಬಿದ್ದುಹೋಗುತ್ತದೆ. ಬಿಸಿತುಪ್ಪ ಬಾಯಿಗಿಟ್ಟುಕೊಂಡಂತಾಗಿತ್ತು ನನಗೆ.

ಸಿಂಧನೂರಿನಲ್ಲಿ ಹತ್ತಿದ ಬಸ್ಸು ಮಸ್ಕಿಯಲ್ಲಿ ಬಹಳ ಹೊತ್ತು ನಿಂತಿತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಕಂಡಕ್ಟರನ ಮೇಲೆ ಹರಿಹಾಯ್ದೆ. ಪಾಪ, ಅವನೇನು ಮಾಡಿದ್ದ? ಹೆದರಿದ್ದವಳು ನಾನು.

ಲಿಂಗಸುಗೂರಿನಲ್ಲಿ ಗುರುಗಳು ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಚಹಾ ಬಂತು. ನಾನು ಕಾಲುವೆ ನೀರು, ಭತ್ತದ ಪೈರು ಎಂದು ಏನೇನೋ ಮಾತಾಡಿದೆ.

"ಊರ ಸುದ್ದಿ ಸಾಕು ಮಾಡು. ಮಾರಿ ಯಾಕ ಸಣ್ಣ ಮಾಡೀದಿ? ಏನ್ ತಂದೀದಿ ತೋರ್ಸವ್ವಾ," ಅಂದರು.

ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಹಲ್ಲು ಅದಾವು," ಅಂದರು.

"ಹೌದ್ರಿ ಸರ. ನೀವು ಬ್ಯಾಡಂದ್ರ ನಾ ಬರಿಯಂಗಿಲ್ರಿ." ಬಾಯಿಮಾತಿಗೆ ಹೇಳಿದ್ದಲ್ಲ ಅದು.

"ಹುಚ್ಚಿ ಅದೀ. ನಮ್ಮ ಹಿಂಡಿನಾಗ ಬ್ಯಾರೆ ಮಂದಿ ಮರಿ ಸೇರಿದ್ರ ಅವ್ವ ಏನ್ ಮಾಡ್ತಿದ್ಲು ಗೊತ್ತೇನು?"

ನಮ್ಮ ಕಡೆ ಕುರಿಗಾರರು ಮರಿಗಳ ಕಿವಿಯಂಚನ್ನು ತಮ್ಮ ತಮ್ಮ ಗುರುತಿಗೆ ಕತ್ತರಿಸಿರುತ್ತಾರೆ. ಅಷ್ಟು ನನಗೂ ಗೊತ್ತಿತ್ತು.

"ಸಂಜಿಗೆ ಕಿವಿ ಹಿಡದು ನೋಡಾಕಿ. ನಮ್ಮ ಗುರುತು ಅಲ್ಲಂದ್ರ ಅವರ ಹಟ್ಟಿಗೆ ಹೊಡಕೊಂಡು ಹೋಗಿ ಬಿಟ್ಟು ಬರಾಕಿ. ಯಾರ ಹಿಂಡಿನಾಗ ಸೇರಿರ್ತದೋ ಅವರೇ ಹೋಗಿ ಬಿಡಬೇಕು. ಇನ್ನೊಬ್ಬರ ಕೈಲೆ ಕಳಿಸಿದ್ರ ಕದ್ದಂಗ ಅಂತಿದ್ಲು."

ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ಮಾತ್ರ ಮೊಬೈಲನ್ನು ಮರಳಿ ಕೊಡಲಿಲ್ಲ. ಅವರ ಕಣ್ಣು ತುಂಬಿತ್ತು.

"ಬರಿ," ಅಂದರು. "ನಿನ್ನ ಹೆಸರಿನ ಜೋಡಿ ನನ್ನ ಹೆಸರೂ ಹಾಕು. ಅವ್ವನ ಹೆಸರು ಇಟ್ಟಾಂವ ನಾನು. ತಗಿಯೋದೂ ನನ್ನ ಕೈಲೆ ಆಗಲಿ."